ಗುರುಗಳ ಬೂಟು, ಶಿಷ್ಯನ ಉಗುರು

ಬೆಟ್ಟದ ಬುಡದಲ್ಲಿ ಹೊಳೆ, ಹೊಳೆಯ ದಡದಲ್ಲಿ ಆಶ್ರಮ. ಅಲ್ಲಿ ಜಪ ಕಡಿಮೆ, ಓಟ ಹೆಚ್ಚು. ಬೆಳಗಾಗುತ್ತಲೇ ಶಿಷ್ಯರೆಲ್ಲ ಬೂಟು ಕಟ್ಟಿಕೊಂಡು ಬೆಟ್ಟ ಹತ್ತಿ ಇಳಿಯಬೇಕು. ಮೋಕ್ಷದ ಮಾತು ಏನಿದ್ದರೂ ಗಂಜಿ ಕುಡಿದ ಮೇಲೆ.

ಗುರು ಶಿವನಂಜಯ್ಯನವರು ಹರೆಯದಲ್ಲಿ ಆ ಬೆಟ್ಟದ ಓಟ ಗೆದ್ದವರು. ಅಂದು ಅವರು ಹಾಕಿಕೊಂಡಿದ್ದ ಕ್ಯಾನ್ವಾಸ್ ಬೂಟು ಪ್ರಾರ್ಥನೆಯ ಕೋಣೆಯಲ್ಲಿ ಒಂದು ಮಣೆಯ ಮೇಲಿತ್ತು.

ಬೇರೆ ಮಠಗಳಲ್ಲಿ ಗುರುವಿನ ಪಾದುಕೆ ಇರುತ್ತದಲ್ಲ, ಇಲ್ಲಿ ಬೂಟು. ಶಿಷ್ಯರು ದಿನವೂ ಹೂವಿಟ್ಟು ಕೈ ಮುಗಿಯುತ್ತಿದ್ದರು. ಗುರುಗಳು ಬೇಡ ಎಂದವರಲ್ಲ, ಬೇಕು ಎಂದವರೂ ಅಲ್ಲ.

ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಬೆಟ್ಟದ ಓಟ ನಡೆಯುತ್ತಿತ್ತು. ಸುತ್ತಲಿನ ಊರುಗಳಿಂದ ಓಟಗಾರರು ಬರುತ್ತಿದ್ದರು. ಆಶ್ರಮದಿಂದ ಒಬ್ಬರೇ ಓಡುವುದು ರೂಢಿ. ಆ ಸಲ ಗುರುಗಳು ಏಕಾಂತನ ಹೆಸರು ಹೇಳಿದರು.

ಏಕಾಂತ ಆ ಒಂದು ಮಾತಿಗಾಗಿ ವರ್ಷಗಟ್ಟಲೆ ಕಾದಿದ್ದ. ಅವನ ಸಂತೋಷಕ್ಕೆ ಮಿತಿಯೇ ಇರಲಿಲ್ಲ. ನೇರ ಹೋಗಿ ಗುರುಗಳ ಕಾಲಿಗೆ ಬಿದ್ದ.

"ಒಂದು ವರ ಕೇಳ್ತೀನಿ, ಇಲ್ಲ ಅನ್ನಬಾರದು."

"ಕೇಳು."

"ನಿಮ್ಮ ಬೂಟು ಹಾಕ್ಕೊಂಡೇ ಓಡ್ತೀನಿ."

ಗುರುಗಳು ಅವನ ಕಾಲಿನ ಕಡೆ ಒಮ್ಮೆ ನೋಡಿದರು. "ಹಿಡಿಯುತ್ತಾ?"

"ಹಿಡಿಯುತ್ತೆ ಗುರುಗಳೇ."

"ಸರಿ. ಕಾಲು ನಿಂದು."

ಹಿಡಿಯಿತು, ನಿಜ. ಹಿಮ್ಮಡಿಯನ್ನು ತುರುಕಿ, ಬೆರಳು ಮಡಿಸಿ, ಉಸಿರು ಬಿಗಿಹಿಡಿದರೆ ಯಾವ ಬೂಟು ಹಿಡಿಯುವುದಿಲ್ಲ ಹೇಳಿ.

ಬೆಳಗಿನ ಅಭ್ಯಾಸದಲ್ಲಿ ಬೆಟ್ಟ ಹತ್ತುವಾಗ ಏನೂ ಅನಿಸಲಿಲ್ಲ. ಇಳಿಯುವಾಗ ಮಾತ್ರ ಒಂದೊಂದು ಹೆಜ್ಜೆಗೂ ಬಲಗಾಲಿನ ಹೆಬ್ಬೆರಳು ಬೂಟಿನ ಮೂತಿಗೆ ಹೋಗಿ ಗುದ್ದುತ್ತಿತ್ತು. ಮೊದಲ ದಿನ ಉಗುರು ಕೆಂಪಾಯಿತು. ಮರುದಿನ ನೇರಳೆ ಹಣ್ಣಿನಂತೆ ಕಪ್ಪಾಯಿತು.

ಏಕಾಂತ ಅದನ್ನು ತಪಸ್ಸು ಅಂದುಕೊಂಡ. ಗುರುಗಳ ಬೂಟಿನಲ್ಲಿ ನೋವು ಬಂದರೆ ಅದೂ ಪ್ರಸಾದವೇ ತಾನೇ?

ಆದರೂ ಪ್ರಾರ್ಥನೆಗೆ ಕೂತಾಗ ಪ್ರಸಾದವನ್ನು ಪಂಚೆಯೊಳಗೆ ಮುಚ್ಚಿಕೊಂಡ. ಗೊತ್ತಾದರೆ ತನ್ನ ಹೆಸರು ತೆಗೆದುಬಿಡುತ್ತಾರೆ ಎಂಬ ಭಯ ಅವನಿಗೆ.

ಅಂದು ಬೆಳಿಗ್ಗೆ ಗುರುಗಳು ಹೊಳೆಯ ದಡದಲ್ಲಿ ಕೂತಿದ್ದರು. ಏಕಾಂತನನ್ನು ಕರೆದರು.

"ಒಂದು ಕೊಡ ನೀರು ತಗೊಂಡು ಬಾ. ಬೂಟು ಬಿಚ್ಚಿಟ್ಟು ಹೋಗು."

ಅವನು ಹಲ್ಲುಕಚ್ಚಿ ನೆಟ್ಟಗೆ ನಡೆದು ಹೋದ, ನೆಟ್ಟಗೇ ನಡೆದು ಬಂದ. ಕುಂಟಲಿಲ್ಲ. ಗೆದ್ದೆ ಎಂದುಕೊಂಡ.

ಗುರುಗಳು ಅವನನ್ನು ನೋಡುತ್ತಲೇ ಇರಲಿಲ್ಲ. ಒದ್ದೆ ಮರಳಿನ ಮೇಲೆ ಮೂಡಿದ ಹೆಜ್ಜೆಗಳನ್ನು ನೋಡುತ್ತಿದ್ದರು.

"ಎಡಗಾಲಿನ ಬೆರಳು ಎಲ್ಲಾ ಬಂದಿವೆ. ಬಲಗಾಲಲ್ಲಿ ಹಿರಿಯಣ್ಣ ಬಂದೇ ಇಲ್ವಲ್ಲಪ್ಪ. ಎಲ್ಲಿ ಬಿಟ್ಟು ಬಂದೆ?"

ಏಕಾಂತ ಕೊಡ ಇಳಿಸಿದ.

ಗುರುಗಳು ಅವನನ್ನು ಕಲ್ಲಿನ ಮೇಲೆ ಕೂರಿಸಿ, ಕಾಲನ್ನು ತಣ್ಣನೆಯ ನೀರಿನಲ್ಲಿ ಇಡಿಸಿದರು. ಬಹಳ ಹೊತ್ತಾದ ಮೇಲೆ ಆ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಏಕಾಂತ ಬೆಚ್ಚಿಬಿದ್ದ. "ಅಯ್ಯೋ! ನೀವು ನನ್ನ ಕಾಲು ಮುಟ್ಟೋದಾ? ಬಿಡಿ ಗುರುಗಳೇ, ನನಗೆ ಪಾಪ ಸುತ್ಕೊಳ್ಳುತ್ತೆ."

"ಅಲ್ಲಾಡಬೇಡ. ಕತ್ತರಿ ತಗಲೀತು."

ಪೆಟ್ಟಾದ ಉಗುರನ್ನು ಮುಟ್ಟದೆ, ಮಿಕ್ಕ ಉಗುರುಗಳನ್ನು ಒಂದೊಂದಾಗಿ ಕತ್ತರಿಸಿದರು. ಮೂಲೆ ಕೊರೆಯಲಿಲ್ಲ, ನೇರಕ್ಕೆ ಕತ್ತರಿಸಿದರು.

"ಆ ಕರೀದನ್ನೂ ಕಿತ್ತುಬಿಡಿ. ಪೀಡೆ ಹೋಗಲಿ."

"ಕೆಳಗೆ ಎಳೆ ಚರ್ಮ ಇದೆ. ಅದಕ್ಕೆ ಇದೇ ಮುಚ್ಚಳ. ಬೀಳೋ ಕಾಲ ಬಂದಾಗ ತಾನಾಗೇ ಬೀಳುತ್ತೆ."

"ಒಳಗೆ ಒಂದೇ ಸಮನೆ ಬಡ್ಕೊಳ್ತಾ ಇದೆ ಗುರುಗಳೇ. ಸೂಜಿ ಕಾಯಿಸಿ ಚುಚ್ಚಲಾ?"

"ಚುಚ್ಚೋಕೆ ಪೇಟೇಲಿ ಡಾಕ್ಟರಿದ್ದಾರೆ. ಈಗಲೇ ಎದ್ದು ಹೋಗು."

ಏಕಾಂತ ಏಳಲಿಲ್ಲ. ಅವನಿಗೆ ಕೇಳಬೇಕಾದದ್ದು ಬೇರೆಯೇ ಇತ್ತು.

"ಓಟ?"

"ನೀಲಗಂಗ ಓಡ್ತಾಳೆ."

ನೀಲಗಂಗ ಆಶ್ರಮಕ್ಕೆ ಹೋದ ವರ್ಷವಷ್ಟೇ ಬಂದವಳು. ಏಕಾಂತನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

"ನಾನು ತಡ್ಕೊಳ್ತೀನಿ ಗುರುಗಳೇ. ಎಷ್ಟು ನೋವಾದರೂ ತಡ್ಕೊಳ್ತೀನಿ."

"ನೀನಿಲ್ಲಿಗೆ ಬಂದದ್ದು ತಡ್ಕೊಳ್ಳೋದು ಕಲಿಯೋಕಾ, ಓಡೋದು ಕಲಿಯೋಕಾ?"

ಪೇಟೆಯ ಡಾಕ್ಟರು ಉಗುರಿಗೆ ಸಣ್ಣ ತೂತು ಮಾಡಿ ಕಟ್ಟಿಕೊಂಡಿದ್ದ ರಕ್ತ ಬಿಟ್ಟರು. ಪಟ್ಟಿ ಕಟ್ಟಿ, ಕಾಲು ಎತ್ತರಕ್ಕಿಟ್ಟು ಮಲಗು ಎಂದರು. ಬಡಿತ ನಿಂತಿತು. ಹೊಟ್ಟೆಯುರಿ ನಿಲ್ಲಲಿಲ್ಲ, ಅದಕ್ಕೆ ಅವರಲ್ಲಿ ಔಷಧಿ ಇರಲಿಲ್ಲ.

ಓಟದ ದಿನ ಏಕಾಂತ ದಡದ ಮೇಲೆ ಕಾಲು ಚಾಚಿ ಕೂತಿದ್ದ. ನೀಲಗಂಗ ಅವನ ಪಕ್ಕದಲ್ಲೇ ಬಗ್ಗಿ ಬೂಟು ಕಟ್ಟಿಕೊಳ್ಳುತ್ತಿದ್ದಳು. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಕೂರಿಸಿ, ಕಣಕಾಲಿನ ಹತ್ತಿರ ದಾರ ಬಿಗಿದಳು. ಮುಂದುಗಡೆ ಹೆಬ್ಬೆರಳಗಲ ಜಾಗ ಖಾಲಿ ಇತ್ತು.

ಏಕಾಂತನಿಗೆ ಸುಮ್ಮನಿರಲಾಗಲಿಲ್ಲ. "ಯಾರ ಬೂಟಮ್ಮ ಅದು? ನಿನಗೆ ದೊಡ್ಡದಾಯ್ತಲ್ಲ."

"ನಂದೇ ಅಣ್ಣ. ಸಾಯಂಕಾಲ ಹೋಗಿ ತಗೊಂಡೆ, ಅಷ್ಟೊತ್ತಿಗೆ ಕಾಲು ಊದಿರುತ್ತೆ ನೋಡು. ಇಳಿಯೋವಾಗ ಬೆರಳಿಗೆ ಜಾಗ ಬೇಕಲ್ವಾ?"

"ಇದನ್ನೆಲ್ಲ ಯಾರು ಹೇಳಿಕೊಟ್ಟರು ನಿನಗೆ?"

"ಗುರುಗಳು. ಎಲ್ಲರನ್ನೂ ಕೂರಿಸ್ಕೊಂಡು ಹೇಳಿದ್ರಲ್ಲಣ್ಣ. ನೀನೂ ಅಲ್ಲೇ ಇದ್ದೆ."

ಏಕಾಂತ ನೆನಪು ಮಾಡಿಕೊಂಡ. ಇದ್ದದ್ದು ಹೌದು. ಗುರುಗಳು ಹೇಳುತ್ತಿದ್ದಾಗ ಅವನು ಅವರಿಗೆ ಬೆನ್ನು ಹಾಕಿ, ಮಣೆಯ ಮೇಲಿನ ಬೂಟಿಗೆ ಹೂ ಏರಿಸುತ್ತಿದ್ದ.

ನೀಲಗಂಗ ಗೆಲ್ಲಲಿಲ್ಲ. ನಡುವಿನವರಲ್ಲಿ ಒಬ್ಬಳಾಗಿ ಇಳಿದು ಬಂದಳು. ಬೂಟು ಬಿಚ್ಚಿ ಹೊಳೆಗೆ ಕಾಲಿಟ್ಟು ಜೋರಾಗಿ ನಕ್ಕಳು. ಅವಳ ಹತ್ತೂ ಉಗುರು ನೆಟ್ಟಗಿದ್ದವು.

ಜನ ಚದುರಿದರು. ಗುರುಗಳು ಬಂದು ಏಕಾಂತನ ಪಕ್ಕದಲ್ಲಿ ಕೂತರು.

"ಹೊಸ ಉಗುರು ಯಾವಾಗ ಬರುತ್ತೆ ಗುರುಗಳೇ?"

"ಬರೋ ಸುಗ್ಗಿ ಹೊತ್ತಿಗೆ ಬಂದೀತು. ಅದರ ಕೆಲಸ ಅದು ಮಾಡುತ್ತೆ."

ಏಕಾಂತ ಕೈ ಮುಗಿದ.

"ಹಾಗಾದರೆ ಮುಂದಿನ ಸಲ ನಾನೇ ಓಡಬೇಕು. ಈ ಬೆಟ್ಟ ಗೆದ್ದಾಗ ನೀವು ಏನೇನು ಮಾಡಿದ್ರಿ ಅಂತ ಹೇಳಿ. ಚಾಚೂ ತಪ್ಪದೆ ನಾನೂ ಅದನ್ನೇ ಮಾಡ್ತೀನಿ."

ಗುರುಗಳು ಎದ್ದು ಪಂಚೆಗೆ ಅಂಟಿದ್ದ ಮರಳು ಕೊಡವಿಕೊಂಡರು.

"ನನ್ನ ಕಾಲಿನ ಅಳತೆ ನೋಡಿ ಬೂಟು ತಗೊಂಡೆ."