ಅಳಿವೆಯ ದುರ್ಗಯ್ಯ

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಮುಂಚೆ, ಹೊಳೆ ಕಡಲು ಸೇರುವ ಅಳಿವೆಯ ದಂಡೆಯ ಒಂದೂರಲ್ಲಿ ದುರ್ಗಯ್ಯ ಹರಿಕಂತ್ರ ಅನ್ನುವವನಿದ್ದನಂತೆ. ಅಳಿವೆಯ ಬಾಯಲ್ಲಿ ಮನೆಯೆತ್ತರದ ಎರಡು ಬಂಡೆ, ಒಂದರ ಹಿಂದೊಂದು. ಕಡಲಿಂದ ಬರುವ ದೋಣಿ ಮೊದಲಿನದನ್ನು ದಾಟಿ, ಅದರ ಹಿಂದಿನದಕ್ಕೆ ಬಡಿಯುವ ಮುಂಚೆ ತಿರುಗಬೇಕು. ಬೇರೆ ದಾರಿ ಇಲ್ಲ.

ಮಂಜು ಕವಿದರೆ ಕಣ್ಣು ಕೆಲಸಕ್ಕೆ ಬಾರದು. ಆಗ ಶಂಖ ಊದಿ ಮಾರ್ದನಿಗೆ ಕಾಯುತ್ತಿದ್ದರು. ಬೇಗ ಬಂದರೆ ಬಂಡೆ ಹತ್ತಿರ, ತಡವಾದರೆ ದೂರ. ಹೆಂಡತಿ ಮಂಕಾಳಿಯನ್ನು ಕೂರಿಸಿಕೊಂಡು ಬರುವಾಗ ದುರ್ಗಯ್ಯನೂ ಹಾಗೇ ಊದಿದ. ಒಂದೇ ದನಿ ತಿರುಗಿ ಬಂತು. ಮೊದಲಿನ ಬಂಡೆ ದಾಟಿಯಾಯಿತು, ಇನ್ನಿರುವುದು ಒಂದೇ ಅಂದುಕೊಂಡು ತಿರುಗಿಸಿದ. ಆ ಮೊದಲಿನ ಬಂಡೆಗೇ ದೋಣಿ ಬಡಿಯಿತು. ನೀರಿಗೆ ಬಿದ್ದ ಮಂಕಾಳಿ ಸಿಗಲಿಲ್ಲ.

ಅವಳಣ್ಣ ಜಟ್ಟಪ್ಪ ಅಂದಿನಿಂದ ಇವನೊಡನೆ ಮಾತು ಬಿಟ್ಟ. ದುರ್ಗಯ್ಯ ಊರನ್ನೇ ಬಿಟ್ಟು ಅಳಿವೆಯ ಬಾಯಲ್ಲಿ ಗುಡಿಸಲು ಕಟ್ಟಿದ. ಅವನ ದನಿಗೆ ಓಗೊಡುತ್ತಿದ್ದವು ಆ ಎರಡು ಬಂಡೆ ಮಾತ್ರ ಅಂತಾರೆ.

ಮಳೆಗಾಲಗಳು ಕಳೆದವು. ಊದುತ್ತ, ಕೇಳುತ್ತ ಅವನಿಗೆ ತಿಳಿಯಿತಂತೆ: ಶಂಖದ ದನಿ ಉದ್ದ. ಮೊದಲಿನ ಬಂಡೆಯ ಉತ್ತರ ಮುಗಿಯುವ ಮುಂಚೆಯೇ ಹಿಂದಿನದರ ಉತ್ತರ ಬಂದು ಅದರಲ್ಲಿ ಕೂಡಿಹೋಗುತ್ತದೆ. ಕಿವಿಗೆ ಎರಡೂ ಒಂದೇ. ಮತ್ತಿಮರದ ಎರಡು ತುಂಡು ತಂದು ಒಂದಕ್ಕೊಂದು ಬಡಿದ. ಟಕ್. ತಿರುಗಿ ಬಂದದ್ದು ಎರಡು ಟಕ್, ನಡುವೆ ಒಂದಿಷ್ಟು ಖಾಲಿ. ಮರಳಲ್ಲಿ ಕೂತು ಹಾಡಹಗಲೇ ಅತ್ತನಂತೆ.

ಮರದ ಸದ್ದು ದೂರ ಹೋಗದು. ಅದಕ್ಕೇ ದೂರಕ್ಕೆ ಶಂಖ, ಹತ್ತಿರಕ್ಕೆ ಮರ ಅಂದುಕೊಂಡ.

ಒಂದು ಬೆಳಗ್ಗೆ ಊರ ದೋಣಿಗಳೆಲ್ಲ ಮಂಜಲ್ಲಿ ಹೊರಗೇ ಸಿಕ್ಕಿಬಿದ್ದವು. ಕಡಲ ಇಳಿತ ಶುರುವಾಗಿತ್ತು. ಇನ್ನು ತಡವಾದರೆ ಅಳಿವೆಯಲ್ಲಿ ತೆರೆ ಮಗುಚಿ ಒಂದೂ ಒಳಬರುವಂತಿರಲಿಲ್ಲ. ದುರ್ಗಯ್ಯ ತನ್ನ ಪುಟ್ಟ ದೋಣಿ ನೂಕಿಕೊಂಡು ಹೋದ. ಎಲ್ಲರೂ ಒಟ್ಟಿಗೆ ಶಂಖ ಊದುತ್ತಿದ್ದರು. ಯಾವುದು ಕರೆ, ಯಾವುದು ಉತ್ತರ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ.

"ಸುಮ್ಮನಿರಿ. ಹಗ್ಗ ಹಿಡಿದು ನನ್ನ ಹಿಂದೆ ಬನ್ನಿ" ಅಂದು ಉದ್ದನೆಯ ಹಗ್ಗ ಎಸೆದನಂತೆ.

ಹಗ್ಗ ಮೊದಲು ಸಿಕ್ಕಿದ್ದು ಜಟ್ಟಪ್ಪನ ಕೈಗೆ. ಅವನು ಹಿಡಿದು ನಿಂತ. ಬಿಡಲಿಲ್ಲ, ತುದಿಯನ್ನು ಹಿಂದಿನ ದೋಣಿಗೆ ದಾಟಿಸಿದ. ದುರ್ಗಯ್ಯ ಒಮ್ಮೆ ಬಡಿಯುತ್ತಿದ್ದ, ಉತ್ತರ ಬರುವ ತನಕ ಕಾಯುತ್ತಿದ್ದ, ಮತ್ತೆ ಬಡಿಯುತ್ತಿದ್ದ. ಎರಡು ಟಕ್ ಕೇಳಿದಷ್ಟು ಹೊತ್ತು ನೇರ ಹೋದ. ಮೊದಲಿನದು ಪಕ್ಕಕ್ಕೆ ಸರಿದು ಹಿಂದಾಗಿ, ಎದುರಿಂದ ಒಂದೇ ಟಕ್ ಬಂದಾಗ ತಿರುಗಿದ. ದೋಣಿಗಳೆಲ್ಲ ಒಳಬಂದವು.

ದಡದಲ್ಲಿ ಜಟ್ಟಪ್ಪ ಅಂದ, "ಭಾವ, ಮನೆಗೆ ಬಾ. ಉಂಡು ಹೋಗು."

"ಇನ್ನೊಂದು ದಿನ ಬರ್ತೆ" ಅಂದ ದುರ್ಗಯ್ಯ.

ಬರಲಿಲ್ಲ. ಆ ಮಳೆಗಾಲದಲ್ಲೇ ಗುಡಿಸಲಲ್ಲಿ ಒಬ್ಬನೇ ತೀರಿಕೊಂಡನಂತೆ.

ಈಗಲೂ ಮಂಜು ಬಿದ್ದ ದಿನ ಆ ಊರ ದೋಣಿಗಳು ಮರ ಬಡಿಯುತ್ತವೆ, ಉತ್ತರ ಬರುವವರೆಗೆ ಯಾರೂ ಉಸಿರೆತ್ತುವುದಿಲ್ಲ. ಜಟ್ಟಪ್ಪನ ಮನೆತನದವರು ಅಂದು ಊಟಕ್ಕೆ ಕೂರುವ ಮುಂಚೆ ಬಾಗಿಲ ಬಳಿ ಒಂದು ಎಲೆ ಹಾಕಿ, ಗಂಜಿ ಮೀನು ಬಡಿಸಿ, ಸ್ವಲ್ಪ ಹೊತ್ತು ಕಾಯುತ್ತಾರೆ.