ತಣ್ಣನೆಯ ಗುಡ್ಡದ ಮೇಲಿನ ಮಾಪಕ

ಬೆಂಕಿಬೆಟ್ಟವೊಂದರ ಬುಡದಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಅಲ್ಲಿ ಕರಡಿಯೊಂದು ಸ್ನಾನಘಟ್ಟ ನಡೆಸುತ್ತಿತ್ತು. ಬೆಟ್ಟದ ಮೇಲೆ ನಿಗಾ ಇಡಲೆಂದು, ನೆಲದ ನಡುಕ ಅಳೆಯುವ ಕಂಪನಮಾಪಕವೊಂದನ್ನೂ ತರಿಸಿ ಕೂರಿಸಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮದು ವೈಜ್ಞಾನಿಕ ವ್ಯವಸ್ಥೆ" ಎನ್ನುತ್ತಿತ್ತು.

ಒಂದು ದಿನ ಮಾಪಕದ ಮುಳ್ಳು ಹುಚ್ಚು ಹಿಡಿದಂತೆ ಕುಣಿಯತೊಡಗಿತು.

"ಯಜಮಾನರೇ, ಕರಗಿದ ಕಲ್ಲು ಮೇಲೇರುತ್ತಿದೆ. ಎಲ್ಲರನ್ನೂ ದೂರ ಕಳಿಸಿ" ಎಂದಿತು ಮಾಪಕ.

"ಜನ ಸೇರುವ ಹೊತ್ತಿನಲ್ಲಿ ಇದೆಂಥ ಅಪಶಕುನದ ಮಾತು! ಸುಮ್ಮನೆ ನಿಲ್ಲು."

"ನಾನು ಕೂತ ನೆಲ ನಡುಗಿದರೆ ನಾನೂ ನಡುಗುತ್ತೇನೆ. ನನಗೆ ಬೇರೆ ವಿದ್ಯೆ ಬರುವುದಿಲ್ಲ."

ಕರಡಿ ಕತ್ತೆಯನ್ನು ಕರೆಯಿತು. "ಇದಕ್ಕೆ ಇಲ್ಲಿಯ ಹವೆ ಒಗ್ಗಿಲ್ಲ. ದೂರದ ಆ ತಣ್ಣನೆಯ ಗುಡ್ಡದ ಮೇಲೆ ಇಟ್ಟು ಬಾ."

ಅಲ್ಲಿ ಮುಳ್ಳು ಅಲುಗಲೇ ಇಲ್ಲ. ಕರಡಿ ಬಾಗಿಲಿಗೆ ಬೋರ್ಡು ಹಾಕಿಸಿತು: "ಮಾಪಕ ಶಾಂತವಾಗಿದೆ. ನಿಶ್ಚಿಂತೆಯಿಂದ ಮೀಯಿರಿ." ಜಿಂಕೆಗಳು, ಮೊಲಗಳು ಅದನ್ನೋದಿ ಕುತ್ತಿಗೆಮಟ್ಟ ನೀರಿಗಿಳಿದವು. ನೀರು ದಿನದಿಂದ ದಿನಕ್ಕೆ ಹೆಚ್ಚು ಬಿಸಿಯಾಗುತ್ತಿತ್ತು. ಅದನ್ನೂ ಅವು ಕರಡಿಯ ಉಪಚಾರವೆಂದೇ ಕೊಂಡಾಡಿದವು.

ಕೊನೆಗೆ ಬೆಟ್ಟ ಸಿಡಿಯಿತು. ಮೀಯುತ್ತಿದ್ದವರಲ್ಲಿ ಹಲವರು ಎದ್ದು ಬರಲಿಲ್ಲ. ಮೈಯೆಲ್ಲ ಸುಟ್ಟುಕೊಂಡ ಕರಡಿ ಬಿದ್ದು ಎದ್ದು ಓಡಿ, ಆ ದೂರದ ಗುಡ್ಡ ಹತ್ತಿ ಮಾಪಕದ ಮುಂದೆ ಕುಸಿಯಿತು.

"ದ್ರೋಹಿ! ಮೊದಲೇ ಒಂದು ಮಾತು ಹೇಳಬಾರದಿತ್ತೇ?"

"ತಾವು ನನಗೆ ವಹಿಸಿದ ಗುಡ್ಡ ಕ್ಷೇಮವಾಗಿದೆ, ಯಜಮಾನರೇ" ಎಂದಿತು ಮಾಪಕ.