ಬಕ್ಕೇಶಪ್ಪ ಅರ್ಧ ಹೋಳಿಗೆ ಬಿಟ್ಟು ಎದ್ದಿದ್ದು

ಮೊದಲು ಒಂದು ಒಗಟು. ಅಪ್ಪನ ಕಾಲದಲ್ಲಿ ಓಡಿತು, ಮಗನ ಕಾಲದಲ್ಲಿ ಗೋಡೆಗೆ ಒರಗಿತು, ಒಡೆದು ಚೂರಾದ ಮೇಲೆ ಊರಿಗೆಲ್ಲ ತಿಂಡಿ ಹಾಕಿತು. ಏನದು?

ಯೋಚನೆ ಮಾಡಿ. ತಲೆ ಕೆರ್ಕೊಳ್ಳಿ. ಬರಲ್ಲ ಬಿಡಿ. ನಮ್ಮ ಕನ್ನಡ ಮೇಷ್ಟ್ರಿಗೇ ಬರಲಿಲ್ಲ, 'ಕೂತ್ಕೊಳೋ, ದೊಡ್ಡ ಪಂಡಿತ' ಅಂದ್ರು. ಕಥೆ ಕೇಳಿ, ಉತ್ತರ ತಾನೇ ಬರುತ್ತೆ.

ದಾವಣಗೆರೆಯಲ್ಲಿ ಬಕ್ಕೇಶಪ್ಪ ಅಂತ ಒಬ್ಬ ಸಾಹುಕಾರ. ಅವನ ಹತ್ರ ಅವರಪ್ಪನ ಕಾಲದ ಕಾರು ಒಂದಿತ್ತು. ಕೆನೆ ಬಣ್ಣ, ದುಂಡು ದೀಪ, ಹಾರ್ನ್ ಹೊಡೆದ್ರೆ ಎಮ್ಮೆ ಕೂಗಿದ ಹಾಗೆ. ಅದಕ್ಕೆ ಅವರಪ್ಪ ಬೊಂಬಾಯಿಂದ ಅಲ್ಯೂಮಿನಿಯಮ್ಮಿನ ಅಲಾಯ್ ಚಕ್ರ ತರಿಸಿ ಹಾಕಿಸಿದ್ದ. ಬೆಳ್ಳಿ ತಟ್ಟೆ ಥರ ಹೊಳೀತಿದ್ವು. ಬಕ್ಕೇಶಪ್ಪ ದಿನಾ ಬೆಳಿಗ್ಗೆ ದೇವರಿಗೆ ಒಂದು ಸಲ ಕೈ ಮುಗಿದ್ರೆ, ಚಕ್ರಕ್ಕೆ ಎರಡು ಸಲ ಬಟ್ಟೆ ಹಾಕಿ ಒರೆಸ್ತಿದ್ದ.

ಒಂದಿನ ಕಾರು ಗುಂಡಿಗೆ ಬಿತ್ತು. ಸಣ್ಣಪುಟ್ಟ ಗುಂಡಿ ಅಲ್ಲ, ಒಳಗೆ ಕಪ್ಪೆಗಳು ಸಂಸಾರ ಹೂಡಿದ್ವು.

ಮೆಕ್ಯಾನಿಕ್ ದಾದಾಪೀರ್ ಕಾರಿಗೆ ಜಾಕ್ ಕೊಟ್ಟು ಎತ್ತಿದ. ಬಗ್ಗಿ ನೋಡಿದ. "ಸಾಹುಕಾರ್ರೇ, ಮುಂದಿನ ಎರಡೂ ಚಕ್ರ ಬಿರುಕು ಬಿಟ್ಟಿವೆ. ಕೂದಲೆಳೆ ಥರ ಇದೆ, ಬೆರಳಿಟ್ಟು ನೋಡಿ."

"ಬೆಸುಗೆ ಹಾಕಿ ಕೊಡೋ."

"ಈ ಕಡೆ ಹಾಕಿದ್ರೆ ಆ ಕಡೆ ಬಿಡುತ್ತೆ. ಜೋರಾಗಿ ಹೋಗುವಾಗ ಒಡೆದ್ರೆ ಕಾರು ಒಂದು ಕಡೆ, ನೀವೊಂದು ಕಡೆ. ಸುತ್ತಿಗೇಲಿ ಚೂರು ಮಾಡಿ, ಆಮೇಲೆ ಗುಜರಿಗೆ ಹಾಕಿ. ಇಡಿಯಾಗಿ ಮಾತ್ರ ಯಾರ ಕೈಗೂ ಕೊಡಬೇಡಿ."

"ನಮ್ಮಪ್ಪನ ಕಾಲದ್ದು ಕಣೋ!"

"ಅದಕ್ಕೇ ಹೇಳ್ತಿರೋದು."

ಕಾರಿನ ಮುಂದಕ್ಕೆ ಸಾದಾ ಕಬ್ಬಿಣದ ಚಕ್ರ ಬಂದ್ವು. ಬಿರುಕು ಬಿಟ್ಟ ಚಕ್ರ ಮನೆಗೆ ಬಂದು ಪಡಸಾಲೆ ಗೋಡೆಗೆ ಒರಗಿ ಕೂತ್ವು. ಮೊದಲ ದಿನವೇ ಹೆಂಡತಿ ಕೊಟ್ರಮ್ಮ ಎಡವಿದ್ಲು.

"ಏನ್ರೀ, ಇವನ್ನ ಏನ್ ಮಾಡ್ತೀರಿ? ನನ್ನ ಕಾಲ್ಬೆರಳೂ ಬಿರುಕು ಬಿಡೋ ತನಕ ಇಟ್ಕೋತೀರಾ?"

ಬಕ್ಕೇಶಪ್ಪ ಏನೇನೋ ಮಾಡಿ ನೋಡಿದ. ಮೇಲೆ ಹಲಗೆ ಇಟ್ಟು ಟೀಪಾಯಿ ಮಾಡಿದ. ಹಲಗೆ ಅಲ್ಲಾಡಿ ಟೀ ಎಲ್ಲ ಬೀಗರ ಪಂಚೆಗೆ ಹೋಯ್ತು. ಹೂಕುಂಡ ಇಡೋಣ ಅಂತ ಅಂಗಳದಲ್ಲಿ ಮಲಗಿಸಿದ. ಬೆಕ್ಕು ಬಂದು ಅದರೊಳಗೆ ಮರಿ ಹಾಕ್ತು. ಒಡೆಯೋಕೆ ಮಾತ್ರ ಮನಸ್ಸು ಬರಲಿಲ್ಲ.

ಕೊನೆಗೆ ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬೆಳ್ಳಿ ಬಣ್ಣ ಹೊಡೆದ. ಆಹಾ! ಅಂಗಡಿಯಿಂದ ಈಗಷ್ಟೇ ಇಳಿಸಿದ ಹಾಗೆ ಆಯ್ತು. ಮೊದಮೊದಲು ಬಿರುಕು ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು. ದಿನ ಕಳೆದ ಹಾಗೆ, ಇತ್ತೋ ಇಲ್ಲವೋ ಅನ್ನಿಸೋಕೆ ಶುರುವಾಯ್ತು. ಬಣ್ಣ ಹೊಡೆದಿದ್ದು ನೋಡೋರ ಕಣ್ಣಿಗೆ, ಮೊದಲು ಮೋಸ ಹೋಗಿದ್ದು ಅವನದೇ ಕಣ್ಣು.

ಆ ಊರಲ್ಲಿ ಅಂಥದ್ದೇ ಕಾರು ಇನ್ನೊಂದಿತ್ತು. ತಿಪ್ಪೇಶಿ ಅನ್ನೋನದು. ಮದುವೆಗಳಿಗೆ ಹೂ ಕಟ್ಟಿ ಬಾಡಿಗೆಗೆ ಓಡಿಸ್ತಿದ್ದ. ಅವನು ಒಂದಿನ ಪಡಸಾಲೆಯಲ್ಲಿ ಈ ಚಕ್ರ ನೋಡಿ ಬಾಯಿ ಬಿಟ್ಟ.

"ಅಣ್ಣಾರೇ, ಇವು ಇಲ್ಲಿ ಸುಮ್ನೆ ಕೂತಿದಾವಲ್ಲ! ನನ್ನ ಅಕ್ಕನ ಮಗಳ ಮದುವೆ ಬಂತು. ನನ್ನ ಕಾರಿಗೆ ಕೊಡ್ರಿ, ನಿಮ್ಮ ಹೆಸರು ಹೇಳ್ಕೊಂಡು ಓಡಿಸ್ತೀನಿ."

ಬಕ್ಕೇಶಪ್ಪನ ಎದೆ ಉಬ್ಬಿತು. "ತಗೊಂಡು ಹೋಗೋ. ನೀನೇನು ಹೊರಗಿನವನಾ?"

ತಿಪ್ಪೇಶಿ ಚಕ್ರ ಎತ್ತಿಕೊಂಡು ಒಂದು ಮಾತು ಕೇಳಿದ. "ಗಟ್ಟಿ ಇದಾವಲ್ಲ, ಅಣ್ಣಾರೇ?"

ಬಕ್ಕೇಶಪ್ಪ ಮೀಸೆ ತಿರುವಿದ. "ನಮ್ಮಪ್ಪನ ಕಾಲದ್ದು ಕಣೋ!"

ನೋಡಿ, ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರವನ್ನೂ ಕೊಡಲಿಲ್ಲ.

ಮದುವೆ ದಿನ ಬಂತು. ಬಕ್ಕೇಶಪ್ಪ ತನ್ನ ಕಾರಲ್ಲೇ ಕಲ್ಯಾಣ ಮಂಟಪಕ್ಕೆ ಹೋದ. ತಾಳಿ ಕಟ್ಟಿ ಆಯ್ತು. ಊಟದ ಪಂಕ್ತಿಯಲ್ಲಿ ಕಿಟಕಿ ಪಕ್ಕದ ಎಲೆ ಅವನದು. ಕಿಟಕಿಯಾಚೆ ತಿಪ್ಪೇಶಿಯ ಕಾರು ನಿಂತಿತ್ತು. ಮೈ ತುಂಬ ಸೇವಂತಿಗೆ. ಮುಂದಿನ ಚಕ್ರ ಎರಡೂ ಫಳಫಳ.

ಎಲೆಗೆ ಹೋಳಿಗೆ ಬಿತ್ತು, ಮೇಲೆ ತುಪ್ಪ ಬಿತ್ತು. ಅರ್ಧ ತಿಂದಿದ್ದ. ಅಷ್ಟರಲ್ಲಿ ಪಕ್ಕದವನು ಅಂದ: "ರಾಹುಕಾಲಕ್ಕೆ ಮುಂಚೆ ಹರಪನಹಳ್ಳೀಲಿ ಹುಡುಗೀನ ಮನೆ ತುಂಬಿಸಿಕೋಬೇಕಂತೆ. ತಿಪ್ಪೇಶಿ ಇವತ್ತು ಕಾರು ಓಡಿಸಲ್ಲ, ಹಾರಿಸ್ತಾನೆ!"

ಬಕ್ಕೇಶಪ್ಪ ಕಿಟಕಿಯಾಚೆ ನೋಡಿದ. ಕಾರಿಗೆ ಮದುಮಗ ಹತ್ತಿದ. ಮದುಮಗಳು ಹತ್ತಿದ್ಲು. ಹಿಂದಿನಿಂದ ಒಂದು ಹಿಂಡು ಮಕ್ಕಳು ನುಗ್ಗಿದ್ವು. ದಾದಾಪೀರ್ ಹೇಳಿದ ಮಾತು ಕಿವಿಯಲ್ಲಿ ಕೇಳಿಸ್ತು.

ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯೋ ಮುಂಚೆ ಒಬ್ಬನೇ ಎದ್ದರೆ ಊಟ ಹಾಕಿದವರಿಗೆ ದೊಡ್ಡ ಅವಮಾನ. ಸಾಹುಕಾರ ಎದ್ದರೆ ಕೇಳೋದೇ ಬೇಡ, ವರ್ಷಗಟ್ಟಲೆ ಆಡ್ಕೋತಾರೆ. ಎದ್ದರೆ ಮಾನ ಹೋಗುತ್ತೆ. ಕೂತರೆ ಕಾರು ಹೋಗುತ್ತೆ.

ಬಕ್ಕೇಶಪ್ಪ ಎದ್ದ. ಎಂಜಲು ಕೈಯಲ್ಲೇ ಓಡಿದ.

"ಅಯ್ಯೋ, ಸಾಹುಕಾರ್ರೇ! ತುಪ್ಪ ಕಮ್ಮಿ ಆಯ್ತಾ?" ಬಡಿಸೋನು ಸೌಟು ಹಿಡ್ಕೊಂಡು ಹಿಂದೆ ಓಡಿದ.

ಬಕ್ಕೇಶಪ್ಪ ಹೋಗಿ ಕಾರಿನ ಮುಂದೆ ಕೈ ಅಗಲಿಸಿ ನಿಂತ. "ಇಳೀರಿ! ಎಲ್ಲರೂ ಇಳೀರಿ!"

ತಿಪ್ಪೇಶಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಏನ್ರೀ ಅಣ್ಣಾರೇ, ಕೊಟ್ಟ ಮೇಲೆ ಹೊಟ್ಟೆಕಿಚ್ಚಾ?"

ಬಕ್ಕೇಶಪ್ಪ ಮುಂದಿನ ಚಕ್ರದ ಹತ್ರ ಹೋದ. ಜೇಬಿಂದ ಬೀಗದ ಕೈ ತೆಗೆದು, ಚಕ್ರದ ಮುಂದೆ ಮಂಡಿಯೂರಿ ಬೆಳ್ಳಿ ಬಣ್ಣ ಕೆರೆದ. ಪುಟ್ಟಿ ಉದುರ್ತು. ಅವತ್ತು ಕೂದಲೆಳೆ ಇದ್ದ ಬಿರುಕು ಈಗ ಉಗುರು ಹೋಗೋಷ್ಟು ಬಾಯಿ ಬಿಟ್ಟಿತ್ತು.

ಜನ ಬಗ್ಗಿ ನೋಡಿದ್ರು. ವಾಲಗದವರೂ ನಿಲ್ಲಿಸಿದ್ರು.

"ನನಗೆ ಗೊತ್ತಿತ್ತು ತಿಪ್ಪೇಶಿ," ಅಂದ ಬಕ್ಕೇಶಪ್ಪ. "ಬಣ್ಣ ಹೊಡೆದಿದ್ದೂ ನಾನೇ."

ತಿಪ್ಪೇಶಿ ಇಳಿದು ಬಂದು ಬಿರುಕಿನ ಮೇಲೆ ಬೆರಳಾಡಿಸಿದ. ಕಾರೊಳಗಿದ್ದ ಅಕ್ಕನ ಮಗಳ ಮುಖ ನೋಡಿದ. ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಅವತ್ತೇ ಹೇಳಿದ್ರೆ ಏನಾಗ್ತಿತ್ತು, ಅಣ್ಣಾರೇ?"

"ನಾಚಿಕೆ ಆಗ್ತಿತ್ತು."

"ಈಗ?"

"ಈಗ್ಲೂ ಆಗ್ತಿದೆ. ಆದ್ರೆ ಎದೆ ಮೇಲಿಂದ ಕಲ್ಲು ಇಳಿಸಿದ ಹಾಗಿದೆ."

ಮದುಮಗಳು ಸೆರಗು ಎತ್ಕೊಂಡು ಇಳಿದ್ಲು. "ಬಿಡು ಮಾವ, ಬೈಬೇಡ. ಆ ಸೀಟೂ ಚುಚ್ತಿತ್ತು," ಅಂದ್ಲು. ಎಲ್ಲರೂ ಒಟ್ಟಿಗೆ ನಕ್ಕರು. ತಪ್ಪಿಸಿಕೊಂಡವರ ನಗು ಅದು, ಅಳೋದಕ್ಕೂ ಅದಕ್ಕೂ ಜಾಸ್ತಿ ದೂರ ಇರಲಿಲ್ಲ.

ಬಕ್ಕೇಶಪ್ಪ ತನ್ನ ಕಾರಿನ ಬೀಗದ ಕೈಯನ್ನ ತಿಪ್ಪೇಶಿ ಕೈಗೆ ಹಾಕಿದ. "ಇದನ್ನ ತಗೊಂಡು ಹೋಗು. ಕಬ್ಬಿಣದ ಚಕ್ರ, ನೋಡೋಕೆ ಚೆಂದ ಇಲ್ಲ. ಗಟ್ಟಿ ಇದೆ." ಈ ಸಲ ಅಪ್ಪನ ಹೆಸರು ಎತ್ತಲಿಲ್ಲ. ಸೇವಂತಿಗೆ ಮಾಲೆ ಈ ಕಾರಿಂದ ಆ ಕಾರಿಗೆ ಹೋಯ್ತು. ಎಮ್ಮೆ ಕೂಗಿದ ಹಾಗೆ ಹಾರ್ನ್ ಹೊಡ್ಕೊಂಡು ಕಾರು ಹೊರಟಿತು. ಆ ಶಬ್ದ ಪೂರ್ತಿ ಕರಗೋ ತನಕ ಬಕ್ಕೇಶಪ್ಪ ಎಂಜಲು ಕೈ ಎತ್ತಿ ಟಾಟಾ ಮಾಡ್ತಾ ನಿಂತಿದ್ದ.

ಮಾರನೇ ದಿನ ದಾದಾಪೀರ್ ಹತ್ರ ಸುತ್ತಿಗೆ ಇಸ್ಕೊಂಡು ತಾನೇ ಚಕ್ರ ಒಡೆದ. ಒಂದೇ ಏಟಿಗೆ ಹೋಳಾಯ್ತು. ಇಷ್ಟು ಸಲೀಸಾ ಅಂತ ನೆನೆದು ಅವನ ಮೈ ಬೆವರಿತು. ಚೂರುಗಳನ್ನ ಗುಜರಿಗೆ ಹಾಕಿದ. ಗುಜರಿಯವನು ಕರಗಿಸೋರಿಗೆ ಕೊಟ್ಟ. ಅವರು ಅದರಿಂದ ಒಂದು ದೊಡ್ಡ ಇಡ್ಲಿ ಪಾತ್ರೆ ಮಾಡಿದ್ರು. ಆ ಪಾತ್ರೆ ಸುತ್ತಿ ಸುತ್ತಿ ಅದೇ ಕಲ್ಯಾಣ ಮಂಟಪದ ಅಡುಗೆ ಮನೆಗೆ ಬಂತು. ಆ ಮದುಮಗಳ ಮಗುವಿನ ನಾಮಕರಣಕ್ಕೆ ಊರಿಗೆಲ್ಲ ಅದರಲ್ಲೇ ಇಡ್ಲಿ ಬೇಯಿಸಿದ್ರು.

"ಇಡ್ಲಿ ಎಷ್ಟು ಮೆತ್ತಗಿದೆ!" ಅಂದ್ರು ಜನ.

"ಇರದೆ ಏನು?" ಅಂದ ಬಕ್ಕೇಶಪ್ಪ. "ನಮ್ಮಪ್ಪನ ಕಾಲದ್ದು!"

ನೀತಿ: ಕೆಟ್ಟಿರೋ ವಸ್ತೂನ ಬಣ್ಣ ಬಳಿದು ಯಾರಿಗೂ ಕೊಡಬೇಡಿ. ಒಡೆದು ಕೊಡಿ, ಇಲ್ಲ ಬಿರುಕು ತೋರಿಸಿ ಕೊಡಿ. ಹೇಳೋದು ತಡ ಆಗಿದ್ರೆ ಊಟದ ಮಧ್ಯೆ ಎದ್ದಾದ್ರೂ ಹೇಳಿ. ಅರ್ಧ ಹೋಳಿಗೆ ಹೋದ್ರೆ ಹೋಗ್ಲಿ.

ಇನ್ನೊಂದು ವಿಷಯ. ಆ ಇಡ್ಲಿ ಪಾತ್ರೆ ನಾನು ಕಟ್ಟಿದ ಕಥೆ. ಗುಜರಿಗೆ ಹೋದ ಚೂರು ಏನಾಯ್ತೋ ಯಾರಿಗೆ ಗೊತ್ತು? ಅದಕ್ಕೇ ಒಗಟು ನಿಮಗೆ ಬಿಡಿಸೋಕಾಗಲಿಲ್ಲ, ಬೇಜಾರು ಮಾಡ್ಕೋಬೇಡಿ. ಹುಡುಗಿ ರಾಹುಕಾಲಕ್ಕೆ ಮುಂಚೆ ಮನೆ ಸೇರಿದ್ಲಲ್ಲ, ಕಥೆ ಅಲ್ಲಿಗೇ ಮುಗಿದಿತ್ತು. ಇಡ್ಲಿ ಬಂದಿದ್ದು ನನಗೆ ಹಸಿವಾಗಿದ್ದಕ್ಕೆ.